ಕೋಡಿಬಾಗದ ಸಲೂನಿನಲ್ಲಿ ಬೀರಣ್ಣ

ಸೇತುವೆಯಾದ ಮೇಲೆ ಕಾಳಿಯಲ್ಲಿ ತಾರಿ ನಿಂತಿತು.
ನನ್ನ ಅಂಗಡಿಯ ಬೆಂಚಿನ ಮೇಲೆ ಮಾತ್ರ
ವಾರಕ್ಕೊಮ್ಮೆ ದಾಟುತ್ತಲೇ ಇತ್ತು,
ಪತ್ರಿಕೆಯ ಕೊನೆಯೆರಡು ಪುಟದಲ್ಲಿ
ತಾರಿ ಬೀರಣ್ಣನ ಚಿತ್ರಕಥೆ.

ಬೋಳುತಲೆ. ಮುಂದಿನ ಹಲ್ಲೊಂದು ಮುಕ್ಕು.
ಹುಟ್ಟು ಹಾಕುವಾಗ ತೊಡೆಯ ಮೇಲೆ
ಮೊಮ್ಮಗನಂತೆ ಕೂತ ಹೊಟ್ಟೆ.
ಮತ್ತೆ ಆ ತೊದಲು:
"ತ ತ ತಾರಿ ಹ ಹತ್ತಿ ಸಾ ಸಾಹುಕಾರ್ರೇ..."
ಕಳ್ಳಮಾಲಿನವ ನಗುನಗುತ್ತ ಹತ್ತುತ್ತಿದ್ದ.
ಬೀರಣ್ಣನ ವಾಕ್ಯ ಮುಗಿಯುವಷ್ಟರಲ್ಲಿ ನಡುಹೊಳೆ.
ಆಮೇಲೆ ಓಡುವುದೆಲ್ಲಿಗೆ?

ಇಪ್ಪತ್ತೆರಡು ವರ್ಷ ಹೀಗೆ.
ಕ್ಷೌರದವನಾಗಿ ನನಗಿದ್ದದ್ದು ಒಂದೇ ಬೇಸರ:
ಬೀರಣ್ಣನ ಹಾಗೆ ಮಾಡು ಅಂತ
ಯಾರೂ ಬಂದು ಕುರ್ಚಿ ಹತ್ತಲಿಲ್ಲ.

ಆಮೇಲೆ ಸಿನಿಮಾ ಬಂತು.
ಪರದೆಯ ಬೀರಣ್ಣನಿಗೆ ಕೆತ್ತಿದ ಗಡ್ಡ, ಹೆಗಲಿಗಿಳಿದ ಕೂದಲು,
ತಾರಿಯ ಬದಲು ನೀರು ಸೀಳುವ ಬೋಟು.
ಸಿನಿಮಾದವರ ಪಾಡು ಸಿನಿಮಾದವರಿಗೆ
ಎಂದು ಸುಮ್ಮನಿದ್ದೆವು.
ಚೌತಿ ಕಳೆದ ವಾರ ಪತ್ರಿಕೆ ಬಿಚ್ಚಿದರೆ
ಪುಟದಲ್ಲೂ ಅವನೇ.
ಕಥೆ ಇನ್ನೂ ಅರ್ಧದಲ್ಲಿತ್ತು.
ಹಿಂದಿನ ವಾರ ಹೊಳೆಗೆ ಬಿದ್ದವ ಬೀರಣ್ಣ,
ಈ ವಾರ ಮೇಲೆದ್ದವ ಬೇರೆ.

ಮೀನಬುಟ್ಟಿ ಹೊರಗಿಟ್ಟು ತುಳಸು ಹರಿಕಂತ್ರ
ಬಾಗಿಲಲ್ಲೇ ಬಗ್ಗಿ ನೋಡಿದಳು:
"ಹೊಟ್ಟೆ ಎಲ್ಲಿ ಹೋಯ್ತಾ ಇವಂದು?
ಉಪ್ವಾಸ ಕೆಡಗಿದ್ರಾ ಹೆಂಗೆ?"
ಬಂದರು ಆಫೀಸಿನ ವಾಮನ ಬಾಂದೇಕರ
ಸಂಪಾದಕರಿಗೆ ಹನ್ನೊಂದು ಕಾರ್ಡು ಬರೆದ,
ಎಲ್ಲದರಲ್ಲೂ ಒಂದೇ ಸಾಲು,
ಆ ಮುಕ್ಕು ಹಲ್ಲನ್ನು ದಯವಿಟ್ಟು ವಾಪಸು ಮಾಡಿ.
ಗಾಂವ್ಕಾರ ಮಾಸ್ತರು ಮಾತ್ರ ಶಾಂತ:
"ಬಡಗಿನ ಕೌರವ ಬೇರೆ, ತೆಂಕಿನ ಕೌರವ ಬೇರೆ, ಗದೆ ಒಂದೇ.
ವೇಷಕ್ಕೆ ಯಾಕೆ ಸಿಟ್ಟು?"
ಅರ್ಧ ಕೆನ್ನೆಗೆ ನೊರೆ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿ,
"ಆದ್ರೆ ಆಟದ ನಡುವೆ ಚೌಕಿಗೆ ಹೋದ ಕೌರವ
ಅಭಿಮನ್ಯುವಾಗಿ ರಂಗಕ್ಕೆ ಬಂದ್ರೆ
ಭಾಗವತ ಹಾಡೋದು ಯಾರ ಪದ?"

ಸದಾಶಿವಗಡದ ಕಾಲೇಜು ಹುಡುಗರಿಗೆ ಖುಷಿ.
ಈಗ ನಾಕು ಜನರ ಮುಂದೆ ಹಿಡಿದು ಓದಬಹುದಂತೆ.
ಆ ಗಡ್ಡದ ಅಂಚು ನನ್ನ ಕೈಗೂ ಬೇಗ ಕೂತಿತು.
ಒಂದೇ ತಿಂಗಳಲ್ಲಿ ನಲವತ್ತೊಂದು ತಲೆ.
ಒತ್ತಿದರೆ ಏರುವ ಹೊಸ ಕುರ್ಚಿ ತಂದೆ.
ಸುಳ್ಳು ಯಾಕೆ ಹೇಳಲಿ.

ಬೈತಖೋಲದಲ್ಲಿ ಬಲೆ ಹೊಲಿಯುವ ಸಾಂತಾನನ ಮಗ ಇನಾಸ
ಭಾನುವಾರ ಇಗರ್ಜಿ ಮುಗಿಸಿ ಬರುತ್ತಾನೆ.
ಹನ್ನೊಂದು ವರ್ಷ. ಮಾತಿಲ್ಲ.
ಎಷ್ಟು ಕತ್ತರಿಸಬೇಕೆಂದು ಬೆರಳಲ್ಲಿ ತೋರಿಸಿ
ಬೆಂಚಿನ ಮೂಲೆಯಲ್ಲಿ ಬೀರಣ್ಣನ ಜೊತೆ ಕೂರುತ್ತಾನೆ.
ಆ ಭಾನುವಾರ ಹೊಸ ಸಂಚಿಕೆಯನ್ನು
ಎರಡು ಸಲ ಓದಿದ, ಮೂರನೆಯ ಸಲ
ಮುಖಕ್ಕೆ ತೀರ ಹತ್ತಿರ ಹಿಡಿದು ಓದಿದ.
ಹೊಟ್ಟೆ, ಹಲ್ಲು ಅವನು ಲೆಕ್ಕಕ್ಕಿಟ್ಟಿರಲಿಲ್ಲ.
ನಮಗ್ಯಾರಿಗೂ ಕಾಣದ್ದು ಅವನಿಗೆ ಕಂಡಿತ್ತು:
ಹೊಸಬ ಒಂದಕ್ಷರಕ್ಕೂ ತಡವರಿಸುವುದಿಲ್ಲ.

ರಾತ್ರಿ ಕೂದಲು ಗುಡಿಸಿ ಪುಸ್ತಕ ಜೋಡಿಸುವಾಗ ನೋಡಿದೆ.
ಮಾತಿನ ಗುಳ್ಳೆಗಳೊಳಗೆ ನೀಲಿ ಪೆನ್ನು.
"ಹತ್ತು" ಎಂಬುದರ ಹಿಂದೆ ಪುಟ್ಟ ಹ, ಇನ್ನೊಂದು ಹ.
"ನಿಲ್ಲು" ಎಂಬುದರ ಹಿಂದೆ ಮೂರು ನಿ,
ಜಾಗ ಸಾಲದೆ ಒಂದು ಹೊಳೆಗೇ ಬಿದ್ದಿದೆ.
ಪುಸ್ತಕ ಹಾಳು ಮಾಡಿದರೆ ಐದು ರೂಪಾಯಿ ದಂಡ ಅಂತ
ಕನ್ನಡಿಯ ಮೇಲೆ ಬರೆಸಿದವ ನಾನೇ.

ಮುಂದಿನ ಭಾನುವಾರ ಕುರ್ಚಿಗೆ ಕರೆದೆ.
"ಎಷ್ಟು ತೆಗೀಲೋ?"
ಬೆರಳು ಎತ್ತಲಿಲ್ಲ.
"ಸ್ವ... ಸ್ವ..."
ಬೆಂಚಿನಲ್ಲಿ ಯಾರೋ ಕೆಮ್ಮಿದರು.
ಕತ್ತರಿಯನ್ನು ಗಾಳಿಯಲ್ಲೇ ಹಿಡಿದು
ನಡುಹೊಳೆಯವರೆಗೆ ಕಾದೆ.